ಬಾವಿ ಒಂದು, ಹೆಸರು ಒಂದು

ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು. ಕರ್ನಲ್ ಸಾಹೇಬರ ದನಿ ತೆಗೆದು ಫೋನಿನಲ್ಲಿ ಒಂದು ಸುಳ್ಳು ಆಜ್ಞೆ ಕೊಟ್ಟವನು ನಾನೇ. ಆ ಆಜ್ಞೆಯನ್ನು ನಂಬಿದವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಸುಬೇದಾರ್ ತಿಪ್ಪೇಸ್ವಾಮಿಯವರು. ಐದು ನಿಮಿಷ ನಗಬೇಕೆಂದು ಮಾಡಿದ್ದು. ಕೊನೆಗೆ ನಗು ಬರಲಿಲ್ಲ, ಹದಿನಾಲ್ಕು ದಿನದ ಶಿಕ್ಷೆ ಬಂತು. ಅದಕ್ಕಿಂತ ದೊಡ್ಡ ಶಿಕ್ಷೆಯೂ ಒಂದು ಬಂತು, ಅದನ್ನು ಮುಂದೆ ಹೇಳುತ್ತೇನೆ.

ನನಗೀಗ ಮೂವತ್ತೇಳು. ನಿವೃತ್ತ. ಹದಿನೇಳು ವರ್ಷ ಸೇನೆಯಲ್ಲಿದ್ದು ಬಂದವನು ಎಂದರೆ ಜನ ನನ್ನ ಹಿಂದೆ ಯಾರಾದರೂ ಮುದುಕರು ನಿಂತಿದ್ದಾರೆಯೇ ಎಂದು ನೋಡುತ್ತಾರೆ. ಚಿತ್ರದುರ್ಗದ ಬ್ಯಾಂಕಿಗೆ ಬದುಕಿರುವ ಪ್ರಮಾಣಪತ್ರ ಕೊಡಲು ಹೋದಾಗ ಕೌಂಟರಿನ ಹುಡುಗಿ, “ಪಿಂಚಣಿ ತಗಳೋರೇ ಬರ್ಬೇಕು ಸಾರ್, ನಿಮ್ ತಂದೆಯವ್ರನ್ನ ಕರ್ಕಂಡ್ ಬರ್ರಿ” ಅಂದಳು. ನಾನು ಬೆನ್ನು ಬಗ್ಗಿಸಿ, ಎರಡು ಸಲ ಕೆಮ್ಮಿ, ನಡುಗುವ ದನಿಯಲ್ಲಿ “ಬಂದೀನಿ ಕಣವ್ವಾ” ಅಂದೆ. ಹುಡುಗಿ ನಕ್ಕಳು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ನಿಜವಾದ ಮುದುಕರು ನಗಲಿಲ್ಲ. ನನ್ನ ಕಲೆಯ ಹಣೆಬರಹ ಇಷ್ಟೇ. ಯಾರ ದನಿ ತೆಗೆಯುತ್ತೇನೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ನಗುತ್ತಾರೆ.

ಇದನ್ನು ಬರೆಯುತ್ತಿರುವುದು ಹಿರಿಯೂರಿನ ಮೈದಾನದಲ್ಲಿ ಬೆಳಗ್ಗೆ ನನ್ನ ಜೊತೆ ಓಡುವ ಹುಡುಗರಿಗಾಗಿ. ನಮ್ಮ ಯಲ್ಲದಕೆರೆಯವರಿದ್ದಾರೆ, ಭರಮಸಾಗರದಿಂದ ಬಂದು ರೂಮು ಮಾಡಿಕೊಂಡವರಿದ್ದಾರೆ. ಎಲ್ಲರೂ ಸೇನಾ ಭರ್ತಿಗೆ ತಯಾರಾಗುತ್ತಿರುವವರು. ಓಟ ಮುಗಿಸಿ ಕುಳಿತರೆ ಒಂದೇ ಪ್ರಶ್ನೆ: “ಅಣ್ಣಾ, ಬಾರ್ಡರ್‌ನಾಗೆ ಎಷ್ಟ್ ಜನುನ್ನ ಹೊಡ್ದಿದೀಯ?” ಸೊಳ್ಳೆಗಳನ್ನು ಬಿಟ್ಟರೆ ಯಾರನ್ನೂ ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಯಾವ ವರ್ಷ ತೋಳಿಗೆ ಎಷ್ಟು ಪಟ್ಟಿ ಬಂತು ಎಂದು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ, ನನ್ನ ಹೆಂಡತಿಗೂ ಅದು ನೆನಪಿಲ್ಲ. ಹೇಳಬೇಕಾದ್ದು ಬೇರೆ ಇದೆ.

ಸೇರಿದಾಗ ನನಗೆ ಹಿಂದಿ ಬರುತ್ತಿರಲಿಲ್ಲ. ಅಪ್ಪನ ಕುರಿಗಳ ಹಿಂದೆ ಓಡಾಡಿ ಬೆಳೆದವನು ನಾನು. ಒಂದೊಂದು ಕುರಿಯ ಕೂಗನ್ನೂ ಬೇರೆ ಬೇರೆಯಾಗಿ ತೆಗೆಯುತ್ತಿದ್ದೆ, ಮನುಷ್ಯರ ಭಾಷೆ ಮಾತ್ರ ಒಂದೇ. ತರಬೇತಿಯಲ್ಲಿ ಕವಾಯತು ಕಲಿಸುವ ಉಸ್ತಾದರು ಏನು ಕೂಗುತ್ತಾರೋ ಅದನ್ನು ಅರ್ಥ ಬಿಟ್ಟು ದನಿಯಷ್ಟನ್ನೇ ಹಿಡಿದೆ. ತಿಂಗಳೊಪ್ಪತ್ತಿನಲ್ಲಿ ಅವರಂತೆಯೇ ಕೂಗಬಲ್ಲವನಾದೆ. ಒಂದು ದಿನ ಅವರು ಇಲ್ಲವೆಂದುಕೊಂಡು ಅವರ ದನಿಯಲ್ಲಿ “ಸಾವಧಾನ್!” ಎಂದು ಕೂಗಿದೆ. ನಲವತ್ತು ಜನ ತಟ್ಟನೆ ನಿಂತರು. ಬಾಗಿಲ ಹಿಂದೆ ಚಹಾ ಕುಡಿಯುತ್ತಿದ್ದ ಉಸ್ತಾದರೂ ಲೋಟ ಹಿಡಿದೇ ನಿಂತುಬಿಟ್ಟಿದ್ದರು. ಅವತ್ತು ಮೈದಾನದ ಸುತ್ತ ಕಪ್ಪೆಯ ಹಾಗೆ ಕುಪ್ಪಳಿಸಿದ್ದು ನಾನೊಬ್ಬನೇ. ಆದರೆ ಒಂದು ಪಾಠ ಕಲಿತೆ. ಸೇನೆಯಲ್ಲಿ ದನಿಗೆ ಮೈ ತಾನಾಗಿ ಬಗ್ಗುತ್ತದೆ, ಮನಸ್ಸು ಆಮೇಲೆ ಬರುತ್ತದೆ. ಆ ಪಾಠವನ್ನು ಸರಿಯಾಗಿ ಕಲಿತಿದ್ದರೆ ಮುಂದಿನ ಅವಾಂತರ ಆಗುತ್ತಿರಲಿಲ್ಲ.

ಈಗ ಪೋಸ್ಟಿಗೆ ಬರುತ್ತೇನೆ. ಪಂಜಾಬಿನ ಒಂದು ಗಡಿ ಊರು. ಹೆಸರು ಬೇಡ. ಊರಿಂದ ಸ್ವಲ್ಪ ದೂರದಲ್ಲಿ ಕಾಲುವೆ, ಕಾಲುವೆಯ ದಂಡೆಯ ಮೇಲೆ ನಮ್ಮ ಪೋಸ್ಟ್, ಅಂದರೆ ಕಾವಲು ಠಾಣೆ. ತಂತಿ ಬೇಲಿ ಕಾಯುವವರು ಗಡಿ ಪಡೆಯವರು, ಅವರ ಹಿಂದೆ ನಾವು. ಒಂದು ಕಡೆ ಊರಿನ ರೈಲಿನ ಶಿಳ್ಳೆ ಕೇಳಿಸುತ್ತದೆ, ಇನ್ನೊಂದು ಕಡೆ ಬೇಲಿಯಾಚೆಯ ರೈತ ತನ್ನ ಎಮ್ಮೆಗೆ ಬೈಯುವುದು ಕೇಳಿಸುತ್ತದೆ. ಎರಡೂ ಕಡೆಯ ಎಮ್ಮೆಗಳಿಗೆ ಬೈಗುಳ ಒಂದೇ.

ನಾನು ಹೋದ ಕಾಲಕ್ಕೆ ಕಿವಿಯಿಂದ ಮಾಡುವ ಕೆಲಸ ಇನ್ನೂ ಉಳಿದಿತ್ತು. ಕಬ್ಬಿನ ಗದ್ದೆಯಲ್ಲಿ ಸದ್ದಾದರೆ ಅದು ಕಾಡುಹಂದಿಯೋ ಗಾಳಿಯೋ ಎಂದು ಹೇಳಬೇಕಿತ್ತು. ಹಿಡಿ ತಿರುಗಿಸಿ ಗಂಟೆ ಬಾರಿಸುವ ಫೀಲ್ಡ್ ಫೋನು ಒಂದು ಬಂಕರಿನಿಂದ ಇನ್ನೊಂದಕ್ಕೆ ಮಾತು ಒಯ್ಯುತ್ತಿತ್ತು. ಆಮೇಲೆ ಕತ್ತಲಲ್ಲೂ ಕಾಣುವ ಕ್ಯಾಮೆರಾ ಬಂತು, ಪರದೆಯ ಮೇಲೆ ಹಂದಿ ಬೆಳ್ಳಗೆ ಹೊಳೆಯತೊಡಗಿತು. ಅದು ಒಳ್ಳೆಯದೇ. ಆದರೆ ಕ್ಯಾಮೆರಾ ಬಂದ ಮೇಲೆ ಹುಡುಗರು ಪರದೆ ನೋಡಿದರು, ನೆಲ ನೋಡುವುದನ್ನು ಬಿಟ್ಟರು. ನೀವು ಹೋದಾಗ ಎರಡನ್ನೂ ನೋಡಿ.

ಆ ಪೋಸ್ಟಿನ ಚರಿತ್ರೆ ಯಾವ ಪುಸ್ತಕದಲ್ಲೂ ಇರಲಿಲ್ಲ, ನಡಿಗೆಯಲ್ಲಿತ್ತು. ಒಂದು ಪಲ್ಟನ್ ಬಿಟ್ಟು ಹೋಗಿ ಇನ್ನೊಂದು ಬರುವಾಗ ಹಳಬ ಮುಂದೆ, ಹೊಸಬ ಹಿಂದೆ ಪೋಸ್ಟನ್ನೆಲ್ಲ ನಡೆಯುತ್ತಾರೆ. ಹಳಬ ಒಂದೊಂದು ಕಡೆ ನಿಂತು ಹೇಳುತ್ತಾನೆ, ಹೊಸಬ ಅದನ್ನು ತಪ್ಪಿಲ್ಲದೆ ತಿರುಗಿ ಹೇಳಬೇಕು. ಬಾಗಿಲಿಂದ ಇಪ್ಪತ್ತು ಹೆಜ್ಜೆಗೆ ಇಟ್ಟಿಗೆ ಭಟ್ಟಿಯ ಕಾವಲುಗಾರನ ಹಳೆಯ ಕೋಣೆ, ಪೋಸ್ಟ್ ಶುರುವಾದದ್ದು ಅದರಲ್ಲೇ. ಅಲ್ಲಿಂದ ನಲವತ್ತು ಹೆಜ್ಜೆಗೆ ಒಂದು ಬೇವಿನ ಮರ, ನೆಟ್ಟವರು ಸಿಖ್ಖರು. ಮುಂದೆ ಗುಂಡು ತಿಂದ ಗೋಡೆ. ಅದರ ಪಕ್ಕದಲ್ಲಿ ಕಪ್ಪು ಬೋರ್ಡು, ಯುದ್ಧದಲ್ಲಿ ಶತ್ರುವಿನ ಗುಂಡಿಗೆ ಸತ್ತ ಮೂವರ ಹೆಸರು. ಹೀಗೆ ಬಾಯಿಂದ ಬಾಯಿಗೆ ಬಂದದ್ದರಲ್ಲಿ ದನಿಗಳೂ ಸೇರಿಕೊಂಡಿದ್ದವು. ಗಢವಾಲಿ ಹೇಳಿದ್ದನ್ನು ತಮಿಳ, ತಮಿಳ ಹೇಳಿದ್ದನ್ನು ನಾನು. ನಾನಂತೂ ಒಂದೊಂದು ಜಾಗವನ್ನೂ ಅದನ್ನು ಹೇಳಿದವನ ದನಿಯಲ್ಲೇ ಹೇಳುತ್ತಿದ್ದೆ. ಮೇಲಧಿಕಾರಿಗಳು ಬಂದರೆ ನನ್ನನ್ನೇ ಮುಂದೆ ಬಿಡುತ್ತಿದ್ದರು.

ಬೋರ್ಡು ದಾಟಿದರೆ ಬಾವಿ. ಅಲ್ಲಿ ಹೇಳಬೇಕಾದ್ದು ಮೂರೇ ಮಾತು: “ಇದು ಬಾವಿ. ಇಪ್ಪತ್ತು ಅಡಿ. ನೀರು ಸಿಹಿ.”

ಸುಬೇದಾರ್ ತಿಪ್ಪೇಸ್ವಾಮಿಯವರು ಹೊಳಲ್ಕೆರೆ ಕಡೆಯವರು. ಪಲ್ಟನ್ನಿನಲ್ಲಿ ನಮ್ಮ ಜಿಲ್ಲೆಯವರೆಂದರೆ ನಾವಿಬ್ಬರೇ. ನನ್ನನ್ನು ಹೆಸರು ಹಿಡಿದು ಕರೆದವರಲ್ಲ, “ಲೇ ಯಲ್ಲದಕೆರೆ” ಅನ್ನುತ್ತಿದ್ದರು. ಆ ಪೋಸ್ಟಿಗೆ ಅವರು ಬಂದದ್ದು ಮೂರನೇ ಸಲ. ಮೊದಲು ಬಂದಾಗ ಮೀಸೆ ಸರಿಯಾಗಿ ಚಿಗುರದ ಸಿಪಾಯಿ, ಈಗ ನಿವೃತ್ತಿಗೆ ತಿಂಗಳು ಉಳಿದಿದ್ದ ಸುಬೇದಾರ್. ಅವರು ಚರಿತ್ರೆ ಹೇಳುತ್ತ ಬಾವಿಯ ಹತ್ತಿರ ಬಂದಾಗ ಒಂದು ವಿಚಿತ್ರ ಮಾಡುತ್ತಿದ್ದರು. ಗಂಟಲು ಸರಿಮಾಡಿಕೊಂಡು, ಜೇಬು ಮುಟ್ಟಿ ನೋಡಿಕೊಂಡು, ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಮುಂದೆ ಹೋಗುತ್ತಿದ್ದರು. ಮಾತನ್ನು ಯಾರು ಬೇಕಾದರೂ ಅನುಕರಿಸಬಹುದು. ನಾನು ಅವರ ಆ ಮೌನವನ್ನು ಹಿಡಿದೆ. ಒಂದು ಮಧ್ಯಾಹ್ನ ಬಾವಿಯ ಪಕ್ಕದಲ್ಲಿ ಹುಡುಗರಿಗೆ ಮಾಡಿ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕವರು ಇದ್ದಕ್ಕಿದ್ದಂತೆ ಸುಮ್ಮನಾದರು. ತಿರುಗಿದರೆ ತಿಪ್ಪೇಸ್ವಾಮಿ ಸಾಬ್ ನಿಂತಿದ್ದಾರೆ.

“ಲೇ ಯಲ್ಲದಕೆರೆ, ಇನ್ನೊಂದ್ಸಲ ಮಾಡು.”

“ತಪ್ಪಾಯ್ತು ಸಾಬ್.”

“ಮಾಡಲೇ. ನಾನ್ ಹಂಗೆ ಕಾಣ್ತೀನೇನು ಅಂತ ನೋಡ್ಬೇಕು.”

ಮಾಡಿದೆ. ಈ ಸಲ ಯಾರೂ ನಗಲಿಲ್ಲ. ಹುಡುಗರನ್ನು ಕಳಿಸಿ, ಬಾವಿಯ ಕಟ್ಟೆ ತೋರಿಸಿ, “ಕುಂತ್ಕ” ಅಂದರು.

“ಇದ್ನ ತೋಡಿದ್ದು ಬೋರಯ್ಯ ಅಂತ. ಮಾಡದಕೆರೆಯವ್ನು, ನಮ್ ಹೊಸದುರ್ಗದ್ ಮಾಡದಕೆರೆ. ನಿಮ್ಮಂಗೇ ಕುರಿ ಕಾಯೋರ್ ಮನೆಯವ್ನು. ಆಗ ಇಲ್ಲಿ ಎಲ್ಲಿ ತೋಡಿದ್ರೂ ಉಪ್ಪು ನೀರು. ಕಾಲುವೆ ನೀರು ಕುಡ್ದು ಅರ್ಧ ಜನ ಮಕ್ಕಂಡಿದ್ರು. ಇವ್ನು ಎಲ್ಡು ದಿನ ಸುಮ್ನೆ ಹುಲ್ಲು ನೋಡ್ಕಂಡು ತಿರುಗ್ದ. ಆಮ್ಯಾಲೆ ಇಲ್ಲೇ ಕಾಲೂರಿ, ‘ತಿಪ್ಪೇಸಿ, ಇಲ್ಲಿ ಸಿಹಿ ಐತೆ ಕಣೋ’ ಅಂದ. ಇತ್ತು.”

“ಆಮೇಲೆ ಸಾಬ್?”

“ನೀರು ಬಿದ್ ದಿನ ಗೋಡೆ ಕುಸೀತು. ಅವ್ನು ಒಳಗಿದ್ದ. ಹಗ್ಗ ನನ್ ಕೈಯಾಗಿತ್ತು.” ಬಾವಿಯೊಳಗೆ ಬಗ್ಗಿ ನೋಡಿ ಹೇಳಿದರು: “ಹಲಗೆ ಕೊಟ್ಟು ಗೋಡೆ ನಿಲ್ಲಿಸ್ಬೇಕು ಅಂತ ಇಲ್ಲೀ ರೈತ್ರೊಬ್ರು ಹೇಳಿದ್ರು ಕಣಲೇ. ಬೋರ ನಕ್ಬಿಟ್ಟ, ‘ನಮ್ ಕಡೆ ಬಾವಿಗೆ ಯಾರ್ ಹಲಗೆ ಕಟ್ತಾರೆ’ ಅಂದ. ನಾನೂ ಹೂಂ ಅಂದೆ. ನಮ್ ಕಡೆ ಮಣ್ಣು ಗಟ್ಟಿ, ಅಗದಂಗೇ ನಿಂತ್ಕಂತೈತೆ. ಆ ಮಣ್ಣು ನಂಬ್ಕಂಡು ಈ ಮಣ್ಣಿಗಿಳ್ದ.”

ಬೋರ್ಡಿನಲ್ಲಿ ಬೋರಯ್ಯನ ಹೆಸರಿಲ್ಲ, ಏಕೆಂದರೆ ಅವನು ಗುಂಡಿಗೆ ಸಾಯಲಿಲ್ಲ. ಕಾಗದದಲ್ಲಿ ಅವನ ಸಾವು ‘ಅಪಘಾತ’. ನಡಿಗೆಯ ಚರಿತ್ರೆಯಲ್ಲೂ ಅವನಿಲ್ಲ, ಏಕೆಂದರೆ ಬೋರ್ಡಿನಲ್ಲಿಲ್ಲದವನನ್ನು ಹೇಳಬಾರದೆಂದು ಯಾವ ಕಾಲದಲ್ಲೋ ಯಾರೋ ಹೇಳಿದ್ದರು. ಸಾಬ್ ಮೂರು ಸಲ ಅರ್ಜಿ ಬರೆದಿದ್ದರು. ಬೋರ್ಡಿಗೆ ಬೇಡ, ಬಾವಿಯ ಕಟ್ಟೆಯ ಮೇಲಾದರೂ ಬರೆಯಲು ಬಿಡಿ ಎಂದು. ಮೂರು ಸಲವೂ ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂದಿತ್ತು. ನಾಲ್ಕನೆಯ ಅರ್ಜಿ ಅವರ ಜೇಬಿನಲ್ಲಿತ್ತು. ಬಾವಿಯ ಹತ್ತಿರ ಬಂದಾಗ ಮುಟ್ಟಿ ನೋಡಿಕೊಳ್ಳುತ್ತಿದ್ದದ್ದು ಅದನ್ನೇ.

“ಇನ್ನೊಂದ್ ತಿಂಗ್ಳಿಗೆ ನಾನ್ ಮನೆಗೆ. ಪಲ್ಟನ್ನೂ ಬ್ಯಾರೆ ಕಡೆಗೆ. ಅವ್ನ ಹೆಸ್ರು ಹೇಳೋರ್ ಯಾರು?”

“ನಾನಿದೀನಲ್ಲ ಸಾಬ್.”

“ನೀನಾ?” ಅಂದು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ನೀನ್ ಹೇಳಿದ್ರೆ ಜನ ನಗ್ತಾರೆ ಕಣಪ್ಪ.”

ಆ ಮಾತು ನಿಜವಾಗಿತ್ತು. ನನ್ನ ದನಿಯನ್ನು ಯಾರೂ ನಂಬುವುದಿಲ್ಲ, ಸರಿ. ನಂಬುವ ದನಿ ಯಾವುದೆಂದು ನನಗೆ ಗೊತ್ತು. ಮರುದಿನ ಮುಂದಿನ ಬಂಕರಿನಲ್ಲಿ ನನ್ನ ಪಾಳಿ. ಫೀಲ್ಡ್ ಫೋನಿನ ಹಿಡಿ ತಿರುಗಿಸಿದೆ. ಬಂಕರಿನಿಂದ ಬರಲಿ, ಕರ್ನಲ್ ಸಾಹೇಬರ ಕಚೇರಿಯಿಂದ ಬರಲಿ, ಆ ಫೋನಿನ ಗಂಟೆ ಒಂದೇ ಥರ. ನಮ್ಮ ಕರ್ನಲ್ ಸಾಹೇಬರು ಮೂಗಿನಲ್ಲಿ ಮಾತಾಡುವವರು, ‘ಠೀಕ್ ಹೈ?’ ಎಂದು ಕೇಳಿ ತಾವೇ ‘ಠೀಕ್ ಹೈ’ ಎಂದು ಉತ್ತರ ಹೇಳಿಕೊಳ್ಳುವವರು. ಅವರ ದನಿ ತೆಗೆದು ಹಿಂದಿಯಲ್ಲಿ ಹೇಳಿದೆ: “ತಿಪ್ಪೇಸ್ವಾಮಿ ಸಾಬ್, ನಿಮ್ಮ ಬಾವಿಯ ಹಳೆಯ ಅರ್ಜಿ ಮತ್ತೆ ನೋಡಿದೆ. ಹೆಸರು ಬರೆಸಿ. ಠೀಕ್ ಹೈ? ಠೀಕ್ ಹೈ.” ಆ ಕಡೆಯಿಂದ “ಜೀ ಶ್ರೀಮಾನ್” ಎಂದಷ್ಟೇ ಬಂತು.

ಪಾಳಿ ಬದಲಾದ ಕೂಡಲೇ ಓಡಿದೆ. ಯೋಜನೆ ಇದ್ದದ್ದು ಹೀಗೆ: ಸಾಬ್ ಎದುರು ನಿಂತು ಅದೇ ದನಿಯಲ್ಲಿ ‘ಠೀಕ್ ಹೈ’ ಎನ್ನುವುದು, ಅವರು ಅಟ್ಟಿಸಿಕೊಂಡು ಬರುವುದು, ಎಲ್ಲರೂ ನಗುವುದು, ಜನ ನಂಬುವ ಹಾಗೆ ನಾನೂ ಹೇಳಬಲ್ಲೆ ಎಂದು ತೋರಿಸುವುದು. ಹೋಗಿ ನೋಡಿದರೆ ಸಾಬ್ ಆಗಲೇ ಬಾವಿಯ ಕಟ್ಟೆಯ ಪಾಚಿಯನ್ನು ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದಾರೆ. ಇಸ್ತ್ರಿ ಮಾಡಿದ ಸಮವಸ್ತ್ರ, ಹೊಸದಾಗಿ ಮಾಡಿದ ಕ್ಷೌರ. ಪಕ್ಕದಲ್ಲಿ ಸಿಮೆಂಟು ಕಲಸಿಟ್ಟಿದೆ. “ಬಂದ್ಯಾ? ನಿನ್ ಅಕ್ಷರ ದುಂಡುಗೈತೆ. ತಗ ಮೊಳೆ, ಬರಿ” ಅಂದರು. “ಹಿಂದೀಲಿ ಒಂದ್ಸಲ, ಕನ್ನಡದಾಗೆ ಒಂದ್ಸಲ.”

ಮೂರು ಸಲ ಬಾಯಿ ತೆರೆದೆ. ಮೂರು ಸಲವೂ, ಅವರು ಬಾವಿಯ ಹತ್ತಿರ ಮಾಡುತ್ತಿದ್ದರಲ್ಲ, ಹಾಗೆಯೇ ಮುಚ್ಚಿದೆ. ಆಮೇಲೆ ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ಬರೆದೆ: ಸಿಪಾಯಿ ಬೋರಯ್ಯ, ಈ ಬಾವಿ ತೋಡಿದವನು.

ಅದು ಅಲ್ಲಿಗೇ ನಿಲ್ಲಲಿಲ್ಲ. ಸಾಬ್ ತಮ್ಮ ಮೊಬೈಲಿನಿಂದ ಮಾಡದಕೆರೆಗೆ, ಬೋರಯ್ಯನ ತಂಗಿಗೆ ಫೋನು ಹಚ್ಚಿದರು. ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ ನೋಡಿ ಬರುತ್ತಿದ್ದ ಮನೆ ಅದು. “ತಂಗ್ಯಮ್ಮಾ, ನಿಮ್ಮಣ್ಣನ್ ಹೆಸ್ರು ಬರ್ಸಿದ್ವಿ ಕಣಮ್ಮ. ಕರ್ನಲ್ ಸಾಹೇಬ್ರೇ ಫೋನ್ ಮಾಡಿ ಹೇಳಿದ್ರು.” ಆ ಕಡೆಯಿಂದ ಹೆಂಗಸಿನ ದನಿ: “ಅಲ್ಲಿ ಓದೋರ್ಗೆ ಕನ್ನಡ ಬರ್ತೈತೇನಣ್ಣಾ?”

“ಎಲ್ಡರಾಗೂ ಬರ್ಸೀನಿ ಕಣವ್ವಾ.”

ನಾನು ಅಲ್ಲೇ ಮೊಳೆ ತೊಳೆಯುತ್ತ ಕುಳಿತಿದ್ದೆ. ಸುಳ್ಳು ಹೊಸದುರ್ಗ ತಾಲ್ಲೂಕಿಗೆ ಹೋಗಿ ತಲುಪಿತ್ತು. ಹುಡುಗರೇ, ತಪ್ಪು ಮಾಡಿದರೆ ಆ ಗಂಟೆಯಲ್ಲೇ ಒಪ್ಪಿಕೊಳ್ಳಿ ಎಂದು ನಿಮ್ಮನ್ನು ನಾನು ಪೀಡಿಸುವುದು ಇದಕ್ಕೇ. ಮರುದಿನಕ್ಕೆ ಅದರ ಮೇಲೆ ಇನ್ನೊಬ್ಬರ ಸಂತೋಷ ಕುಳಿತುಬಿಟ್ಟಿರುತ್ತದೆ, ಅದನ್ನು ಎಬ್ಬಿಸಲು ನಿಮ್ಮ ಕೈಲಾಗುವುದಿಲ್ಲ.

ಬದಲಿ ಪಲ್ಟನ್ನಿನ ಜನ ಬಂದರು. ಅವರ ಸುಬೇದಾರರು ಗುಡ್ಡಗಾಡಿನ ಕಡೆಯ ಗಿಡ್ಡ ಮನುಷ್ಯ. ಕನ್ನಡಕಕ್ಕೆ ದಾರ, ಕೈಯಲ್ಲಿ ಉದ್ದನೆಯ ಪಟ್ಟಿ. ಪೋಸ್ಟ್ ವಹಿಸಿಕೊಳ್ಳುವಾಗ ಅಲ್ಲಿರುವುದನ್ನೆಲ್ಲ ಆ ಪಟ್ಟಿಯಲ್ಲಿ ಬರೆದುಕೊಂಡು, ಒಂದೊಂದನ್ನೂ ಕಣ್ಣಾರೆ ನೋಡಿ, ಕೊನೆಗೆ ಸಹಿ ಹಾಕಬೇಕು. ಇವರಷ್ಟು ನಿಧಾನವಾಗಿ ನೋಡುವವರನ್ನು ನಾನು ಕಂಡಿರಲಿಲ್ಲ. ಒಂದು ಬಕೆಟ್ ಕಡಿಮೆ ಬಿತ್ತೆಂದು ಅರ್ಧ ದಿನ ಕೆಲಸ ನಿಲ್ಲಿಸಿ, ಸ್ಟೋರಿನಿಂದ ಹೊಸದು ಬರುವವರೆಗೆ ಅದೇ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ನಾನು ಅವರ ಆ ಕೂರುವಿಕೆಯನ್ನೂ ಹಿಡಿದಿದ್ದೆ, ಯಾರಿಗೂ ತೋರಿಸಲು ಮನಸ್ಸಾಗಲಿಲ್ಲ. ನಡಿಗೆಯ ಚರಿತ್ರೆಯನ್ನು ಅವರಿಗೆ ಹೇಳಿಕೊಟ್ಟವನು ನಾನೇ. ಬಾವಿಯ ಹತ್ತಿರ ಈ ಸಲ ಮೂರು ಮಾತಿಗೆ ನಿಲ್ಲಿಸದೆ ಎಲ್ಲ ಹೇಳಿದೆ. ಹುಲ್ಲು ನೋಡಿದ್ದು, ಸಿಹಿ ನೀರು, ಹಲಗೆ, ಹಗ್ಗ. ಯಾರ ದನಿಯನ್ನೂ ತೆಗೆಯಲಿಲ್ಲ. ಅವರು ಹೆಸರನ್ನು ಬೆರಳಿನಿಂದ ಸವರಿ, ಪಟ್ಟಿಯಲ್ಲಿ ಏನೋ ಬರೆದುಕೊಂಡರು.

ಸಹಿಯ ದಿನ ಕರ್ನಲ್ ಸಾಹೇಬರು ಬಂದರು. ಬೇವಿನ ಮರದ ಕೆಳಗೆ ಮೇಜು, ಕಾಗದ. ಸಹಿಗೆ ಮೊದಲು ಒಂದು ಸುತ್ತು ನಡೆದರು. ಬಾವಿಯ ಹತ್ತಿರ ನಿಂತರು.

“ಇದಕ್ಕೆ ಅನುಮತಿ ಕೊಟ್ಟವರು ಯಾರು?”

ಸಾಬ್ ನೆಟ್ಟಗೆ ನಿಂತು ಹೇಳಿದರು: “ತಾವೇ ಶ್ರೀಮಾನ್. ಫೋನಿನಲ್ಲಿ.”

ಕರ್ನಲ್ ಸಾಹೇಬರು ಹುಬ್ಬು ಗಂಟಿಕ್ಕಿದರು. ನಾನು ಒಂದು ಹೆಜ್ಜೆ ಮುಂದೆ ಬಂದು ಹೇಳಿಬಿಟ್ಟೆ. “ಏನು ಹೇಳಿದೆಯೋ ಅದನ್ನೇ ಹೇಳು, ಹೇಗೆ ಹೇಳಿದೆಯೋ ಹಾಗೇ” ಅಂದರು. ಹೇಳಿದೆ, ಕೊನೆಯ ಎರಡು ಠೀಕ್ ಹೈ ಸಮೇತ. ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಸಾಹೇಬರು ತಮ್ಮ ದನಿಯನ್ನು ತಾವೇ ಕೇಳಿ, “ಹದಿನಾಲ್ಕು ದಿನ. ಬೆನ್ನಿಗೆ ಭಾರ ಕಟ್ಟಿಕೊಂಡು ಓಟ” ಅಂದರು. ಅದು ನ್ಯಾಯವೇ.

ಆಮೇಲೆ ಸಾಬ್ ಕಡೆಗೆ ತಿರುಗಿದರು. ದನಿ ಒರಟಾಗಿರಲಿಲ್ಲ. “ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ ಸಾಬ್. ಆದರೆ ಒಂದು ಬಿಟ್ಟರೆ ನಾಳೆ ಒಂದೊಂದು ಗೋಡೆಯ ಮೇಲೂ ಒಂದೊಂದು ಹೆಸರು ಬರುತ್ತದೆ. ಸಹಿ ಆಗುವ ಮೊದಲು ತೆಗೆಸಿ.”

“ಜೀ ಶ್ರೀಮಾನ್.” ಸಾಬ್ ಬೇರೆಯವರಿಗೆ ಹೇಳಲಿಲ್ಲ, ಉಳಿ ಸುತ್ತಿಗೆ ತಾವೇ ತಂದರು. ನನ್ನ ಪಕ್ಕದಲ್ಲಿ ಹಾದು ಹೋಗುವಾಗ ಮುಖ ನೋಡದೆ, ನನಗಷ್ಟೇ ಕೇಳುವ ಹಾಗೆ ಕನ್ನಡದಲ್ಲಿ ಅಂದರು: “ಆ ಹೆಣ್ಮಗ್ಳಿಗೆ ಏನಂತ ಹೇಳ್ಲಲೇ ನಾನು?”

ದೊಡ್ಡ ಶಿಕ್ಷೆ ಎಂದೆನಲ್ಲ, ಅದು ಈ ಮಾತು. ಹದಿನಾಲ್ಕು ದಿನ ಓಡಿದ್ದು ಮರೆತಿದೆ.

ಸಾಬ್ ಕಟ್ಟೆಯ ಮುಂದೆ ಮಂಡಿಯೂರಿ, ‘ಬೋ’ ಅಕ್ಷರದ ಮೇಲೆ ಉಳಿ ಇಟ್ಟರು. ಸುತ್ತಿಗೆ ಮೇಲೆ ಎತ್ತಿದವರು ಎತ್ತಿಯೇ ಹಿಡಿದಿದ್ದರು. ಆಗ ಗುಡ್ಡಗಾಡಿನ ಸುಬೇದಾರರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಮುಚ್ಚಳದ ಸದ್ದಿಗೆ ಎಲ್ಲರೂ ತಿರುಗಿದರು.

“ಯಾಕೆ? ಏನು ಕಡಿಮೆ ಇದೆ?” ಕರ್ನಲ್ ಸಾಹೇಬರು ಕೇಳಿದರು.

“ಇನ್ನೂ ಏನೂ ಕಡಿಮೆ ಇಲ್ಲ ಶ್ರೀಮಾನ್. ಅವರ ಸುತ್ತಿಗೆ ಬಿದ್ದ ಮೇಲೆ ಒಂದು ಕಡಿಮೆಯಾಗುತ್ತದೆ.” ಪಟ್ಟಿಯನ್ನು ಬಿಚ್ಚಿ ಬೆರಳಿಟ್ಟು ಓದಿದರು: “ಬಾವಿ, ಒಂದು. ಬಾವಿಯ ಮೇಲೆ ಹೆಸರು, ಒಂದು. ನೋಡಿ, ತಾಳೆ ಹಾಕಿ ಬರೆದಿದ್ದೇನೆ.”

“ಅದು ಅನುಮತಿ ಇಲ್ಲದ್ದು. ಪಟ್ಟಿಯಿಂದ ಹೊಡೆದುಹಾಕಿ. ಮೊನ್ನೆ ಬಕೆಟ್ ಕಡಿಮೆ ಬಿದ್ದಾಗ ಸರಿಮಾಡಿಕೊಳ್ಳಲಿಲ್ಲವೇ, ಹಾಗೆಯೇ ಇದನ್ನೂ ಮಾಡಿಕೊಳ್ಳಿ.”

ಅದಕ್ಕೆ ಆ ಗಿಡ್ಡ ಮನುಷ್ಯ ಒಂದು ಉತ್ತರ ಕೊಟ್ಟರು. ಅದನ್ನು ಕೇಳಿದ ಕರ್ನಲ್ ಸಾಹೇಬರು ಬಾವಿಯ ಕಡೆ ನೋಡಿ, ತಮ್ಮ ಪೆನ್ನನ್ನೇ ತೆಗೆದು ಅವರ ಮುಂದಿಟ್ಟರು. ಉಳಿ ಸುತ್ತಿಗೆಯನ್ನು ಸಾಬ್ ಕೈಯಿಂದ ತೆಗೆದುಕೊಂಡು ಹೋಗಿ ಸ್ಟೋರಿನಲ್ಲಿ ಇಟ್ಟು ಬಂದವನು ನಾನು. ಎಷ್ಟೋ ಜನರ ದನಿ ತೆಗೆದಿದ್ದೇನೆ, ಆ ಉತ್ತರವನ್ನು ಮಾತ್ರ ಇವತ್ತಿನವರೆಗೂ ಅವರ ದನಿಯಲ್ಲಿ ಹೇಳಿ ನೋಡಿಲ್ಲ. ಪಟ್ಟಿಯನ್ನು ಮಡಚುತ್ತ, ದನಿ ಏರಿಸದೆ, ಅವರು ಅಂದದ್ದು ಇಷ್ಟು:

“ಬಕೆಟ್ಟನ್ನು ಸ್ಟೋರಿನಿಂದ ತರಿಸಿಕೊಟ್ಟಿರಿ ಶ್ರೀಮಾನ್. ಈ ಮನುಷ್ಯನನ್ನು ಯಾವ ಸ್ಟೋರಿನಿಂದ ತರಿಸಿಕೊಡುತ್ತೀರಿ?”